ಮೊದಲ ಸಾಲು ಮನೆಯವರಿಗೆ

೧೪, ಕ್ಲೋವರ್ ಬೀದಿ, ಹ್ಯಾಲಿಫ್ಯಾಕ್ಸ್
೯ ಅಕ್ಟೋಬರ್ ೧೯೭೪

ಥೆಲ್ಮಾ,

ಮೊದಲು 'ಪ್ರೀತಿಯ' ಎಂದು ಬರೆದೆ. ಆಮೇಲೆ ಹೊಡೆದು ಹಾಕಿದೆ. ಹಾಳೆ ದಂಡ ಮಾಡಬಾರದೆಂದು ಅದರಲ್ಲೇ ಮುಂದುವರಿಸಿದ್ದೇನೆ, ಹೊಡೆದದ್ದು ನಿನಗೆ ಕಾಣುತ್ತದೆ. ಕಾಣಲಿ.

ಈ ವಾರದ ಪತ್ರಿಕೆ ಬಂತು. ನೀನು ಅದರಲ್ಲಿ ನಗೆಕಥೆ ಬರೆಯಲು ತೊಡಗಿ ಹನ್ನೊಂದು ವರ್ಷ. ನಿನ್ನ ಅಕ್ಕ ಎಂಬ ಒಂದೇ ಕಾರಣಕ್ಕೆ ಒಂದು ವಾರವೂ ತಪ್ಪಿಸದೆ ತರಿಸಿದ್ದೇನೆ. ನಿನ್ನ ಭಾವ ನಾರ್ಮನ್ ಮೊದಲು ಓದಿದರು. ಓದಿ, ಕಲ್ಲಿದ್ದಲು ತರುತ್ತೇನೆಂದು ಎದ್ದು ಹೋದರು. ಬಕೆಟ್ ತುಂಬಿಯೇ ಇತ್ತು.

ನಿನ್ನ ಕಥೆಯಲ್ಲಿ ಒಂದು ಸಂಸಾರ ಅಪ್ಪನ ಶವಸಂಸ್ಕಾರಕ್ಕೆ ಹೊರಡುತ್ತದೆ. ದಟ್ಟ ಮಂಜು. ರಸ್ತೆ ಕೂಡುವಲ್ಲಿ ಚಿಕ್ಕಪ್ಪ ಮರ್ಯಾದೆಗೆಂದು ಕಾರು ನಿಲ್ಲಿಸಿ ಬೇರೆ ಯಾರದೋ ಶವದ ಗಾಡಿಗೆ ದಾರಿ ಬಿಡುತ್ತಾನೆ, ಆಮೇಲೆ ತಮ್ಮದೇ ಗಾಡಿಯೆಂದುಕೊಂಡು ಅದರ ಹಿಂದೆಯೇ ಹೋಗುತ್ತಾನೆ. ಚಿತಾಗಾರದಲ್ಲಿ ಎರಡು ಪ್ರಾರ್ಥನಾ ಮಂದಿರ. ಇವರು ಎಡಗಡೆಯದರಲ್ಲಿ ಕೂತು ಅಪರಿಚಿತನ ಪೆಟ್ಟಿಗೆಯ ಮುಂದೆ ಹಾಡುತ್ತಾರೆ. ತಪ್ಪು ಗೊತ್ತಾದ ಮೇಲೂ, ನಡುವೆ ಎದ್ದರೆ ಚೆನ್ನಾಗಿರುವುದಿಲ್ಲವೆಂದು ಕೊನೆಯವರೆಗೆ ಕೂತು, ಸತ್ತವನ ಮನೆಗೂ ಹೋಗಿ ಚಹಾ ಕುಡಿದು ಬರುತ್ತಾರೆ. ಬಲಗಡೆಯ ಮಂದಿರದಲ್ಲಿ ಅವರಪ್ಪನ ಪೆಟ್ಟಿಗೆ ಖಾಲಿ ಬೆಂಚುಗಳ ಮುಂದೆ ಒಂದೇ ಇರುತ್ತದೆ. ಹಿರಿಮಗಳು ಮೇಬಲ್ ಎಂಬ ದಡ್ಡಿ ಹಸಿರು ಹ್ಯಾಟ್ ಹಾಕಿಕೊಂಡಿದ್ದಾಳೆ.

ಮೇಬಲ್ ಅಂತೆ. ಮಾಂಸದಂಗಡಿಗೆ ನಾನು ಕಾಲಿಟ್ಟ ಕೂಡಲೇ ಮಾತು ನಿಂತಿತು. "ನಿಮ್ಮ ತಂಗಿ ಎಷ್ಟು ಜಾಣೆ ಕಣ್ರೀ" ಎಂದಳು ಒಬ್ಬಳು, ತುಟಿ ಕಚ್ಚಿಕೊಂಡು. ನಮ್ಮ ಮಾನವನ್ನು ನೀನು ಹರಾಜಿಗಿಟ್ಟಿದ್ದೀಯ.

ಇದನ್ನೆಲ್ಲ ನಿನಗೆ ಹೇಳಿದ್ದು ಯಾರು? ಅಪ್ಪನ ಸಂಸ್ಕಾರದ ದಿನ ಕಾರಿನಲ್ಲಿ ನಾವು ಏಳೂ ಜನ ಮಾತಾಡಿಕೊಂಡಿದ್ದೆವು, ಇದು ಇಲ್ಲಿಗೇ ಮುಗಿಯಬೇಕು ಎಂದು. ಕ್ಲಿಫರ್ಡ್ ಚಿಕ್ಕಪ್ಪನನ್ನು ಕೇಳಿದೆ. ಅಳುತ್ತ ಆಣೆ ಇಟ್ಟರು. ಎಪ್ಪತ್ತಾರು ವಯಸ್ಸಿನ ಮನುಷ್ಯನನ್ನು ಅಳಿಸಿದ್ದೇನೆ, ಅದೂ ನಿನ್ನ ಲೆಕ್ಕಕ್ಕೇ ಸೇರಲಿ. ನೀನಂತೂ ಅಲ್ಲಿರಲಿಲ್ಲ. ನಿನ್ನ ರೈಲು ತಡ. ನಾವು ಹಾಲ್‌ಗೆ ಸಂಸ್ಕಾರದ ಊಟಕ್ಕೆ ಬರುವಾಗ ಚಹಾದ ಹಂಡೆಯ ಪಕ್ಕದಲ್ಲಿ ತಪಾಸಣೆಗೆ ಬಂದವಳ ಹಾಗೆ ಕೂತಿದ್ದೆ. ಇಲ್ಲದವಳಿಗೆ ನಗುವ ಹಕ್ಕು ಎಲ್ಲಿಂದ ಬಂತು?

ನನ್ನ ಹ್ಯಾಟ್ ಕಡು ನೀಲಿ.

ಮ್ಯಾವಿಸ್

*

ಲಂಡನ್
೧೪ ಅಕ್ಟೋಬರ್ ೧೯೭೪

ಮ್ಯಾವಿಸ್ ಅಕ್ಕನಿಗೆ,

ಯಾರೂ ಹೇಳಲಿಲ್ಲ. ಚಿಕ್ಕಪ್ಪನ ಹತ್ತಿರ ಕ್ಷಮೆ ಕೇಳು.

ರೈಲು ತಡವಾದದ್ದು ನಿಜ, ಇಪ್ಪತ್ತು ನಿಮಿಷ. ಟ್ಯಾಕ್ಸಿ ಹಿಡಿದು ನೇರ ಚಿತಾಗಾರಕ್ಕೇ ಹೋದೆ. ಬಾಗಿಲಲ್ಲಿ ಅಪ್ಪನ ಹೆಸರು ಬರೆದ ಹಲಗೆ ಇತ್ತು: ಆರ್ನಲ್ಡ್ ಹೇಗ್, ಹನ್ನೆರಡೂವರೆ. ಒಳಗೆ ಅಪ್ಪ, ಪಾದ್ರಿ, ಆರ್ಗನ್ ನುಡಿಸುವ ಹೆಂಗಸು. ಅಷ್ಟೇ. ಶವದ ಗಾಡಿಯವನು ಮಂಜಿನಲ್ಲಿ ನಿಂತು ನಿಮ್ಮ ದಾರಿ ನೋಡುತ್ತಿದ್ದ. ಪಾದ್ರಿ ಹತ್ತು ನಿಮಿಷ ಕಾದರು. ಮುಂದಿನ ಹೆಣದವರು ಹೊರಗೆ ಬಂದು ನಿಂತಿದ್ದರು. "ಶುರು ಮಾಡೋಣ್ವಾಮ್ಮಾ? ಮುಂದೆ ಬಂದು ಕೂತ್ಕೊಳ್ಳಿ" ಎಂದರು. ನಾನು ಮೂರನೆಯ ಸಾಲಿನಲ್ಲಿದ್ದೆ. "ಮೊದಲ ಸಾಲು ಮನೆಯವರಿಗೆ, ಈಗ ಬರ್ತಾರೆ" ಎಂದೆ.

ಎರಡು ಹಾಡನ್ನೂ ಒಬ್ಬಳೇ ಹಾಡಿದೆ, ಅಕ್ಕ. ನನ್ನ ದನಿ ನಿನಗೆ ಗೊತ್ತು. ಎರಡನೆಯ ಹಾಡಿಗೆ ಆ ಆರ್ಗನ್ ಹೆಂಗಸು ಕನಿಕರಪಟ್ಟು ಜೋರಾಗಿ ನುಡಿಸಿದಳು.

ಹೊರಗೆ ಬಂದಾಗ ಆಚೆ ಮಂದಿರದ ಬಾಗಿಲಲ್ಲಿ ನೀವು ಕಂಡಿರಿ. ಗುರುತಿಲ್ಲದ ಒಬ್ಬ ಮುದುಕಿಯ ಕೈ ಕುಲುಕುತ್ತಿದ್ದಿರಿ, ಸಾಲಾಗಿ. ಕೂಗಬಹುದಿತ್ತು. ಚಿತಾಗಾರದಲ್ಲಿ ಕೂಗುವುದು ಹೇಗೆ ಎಂದು ಸುಮ್ಮನಿದ್ದೆ. ನೀವು ಕಾರು ಹತ್ತಿ ಅವಳ ಹಿಂದೆ ಹೋದಿರಿ. ಹಾಲ್‌ಗೆ ಬಂದದ್ದು ಮೂರು ಗಂಟೆಗೆ. ಎಡ್ನಾ ಅತ್ತೆ ಹ್ಯಾಮ್ ಬೇಡ ಅಂದಳು. ಯುದ್ಧ ಮುಗಿದ ಮೇಲೆ ಎಡ್ನಾ ಅತ್ತೆ ಹ್ಯಾಮ್ ಬೇಡ ಅಂದದ್ದು ಅದೇ ಮೊದಲು, ಎಲ್ಲೋ ಹೊಟ್ಟೆ ತುಂಬಿಸಿಕೊಂಡು ಬಂದಿದ್ದೀರಿ ಎಂದು ಅದರಿಂದಲೇ ತಿಳಿಯಿತು. ರಸ್ತೆ ಕೂಡುವಲ್ಲಿ ಚಿಕ್ಕಪ್ಪ ದಾರಿ ಬಿಟ್ಟದ್ದು ನನ್ನ ಊಹೆ. ಜೀವಮಾನವಿಡೀ ಬಿಟ್ಟುಕೊಂಡೇ ಬಂದವರು, ಅವತ್ತು ಬಿಡದೆ ಇರುತ್ತಾರೆಯೇ?

ನೀನು ನನ್ನನ್ನು ನೋಡಿ ಹೇಳಿದ ಮೊದಲ ಮಾತು ನೆನಪಿದೆಯೇ? "ಬಂದ್ಯಾ ಮಹಾರಾಣಿ, ಎಲ್ಲ ಮುಗಿದ ಮೇಲೆ?" ಆಮೇಲೆ ಹೇಳಿದೆ, "ತುಂಬ ಚೆನ್ನಾಗಾಯ್ತು ಕಣೆ. ಅಪ್ಪ ಇದ್ದಿದ್ರೆ ಮೆಚ್ಕೊಳ್ತಿದ್ರು." ಅತ್ತೆ ಹೂವುಗಳನ್ನು ವರ್ಣಿಸಿದಳು. ನಾರ್ಮನ್ ಭಾವ ಪಾದ್ರಿಯ ದನಿ ಹೊಗಳಿದರು. ನಾನು ತಟ್ಟೆ ಹಿಡಿದು, ಹೌದಾ, ಹೌದಾ ಎನ್ನುತ್ತ ಕೇಳಿಸಿಕೊಂಡೆ.

ಅದಕ್ಕೇ ಬರೆದೆ. ಜನವರಿ ಇಪ್ಪತ್ತೊಂದರ ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಆ ಕಥೆಯನ್ನು ರೇಡಿಯೋದಲ್ಲಿ ನಾನೇ ಓದುತ್ತೇನೆ. ತಪ್ಪಿಸಬೇಡ.

ಥೆಲ್ಮಾ

*

ಹ್ಯಾಲಿಫ್ಯಾಕ್ಸ್
೨೦ ನವೆಂಬರ್ ೧೯೭೪

ಥೆಲ್ಮಾ,

ನಾಲ್ಕು ಕಾಗದ ಬರೆದು ಒಲೆಗೆ ಹಾಕಿದೆ. ಇದು ಐದನೆಯದು.

ಬಾಯಿ ಬಿಟ್ಟು ಹೇಳಲು ನಿನಗೇನಾಗಿತ್ತು? "ನಾನಲ್ಲಿದ್ದೆ" ಎಂದು ಒಂದು ಮಾತು. ಒಂದೂಮುಕ್ಕಾಲು ವರ್ಷದಿಂದ ಅಪ್ಪ ಒಬ್ಬರೇ ಹೋದರು ಎಂದುಕೊಂಡು ಬದುಕಿದ್ದೇನೆ. ಬಟ್ಟೆ ಹಿಂಡುವಾಗ, ಬಸ್ಸಿಗೆ ಕಾಯುವಾಗ, ಅದೇ ಖಾಲಿ ಮಂದಿರ. ನೀನು ಅಲ್ಲಿದ್ದೆ ಎಂದು ಗೊತ್ತಾಗಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಅದನ್ನು ಬಚ್ಚಿಟ್ಟುಕೊಂಡು ಹೋಗಿ ಊರಿಗೆಲ್ಲ ಹಂಚಿದೆ. ನಾವು ಸುಳ್ಳು ಹೇಳಿದ್ದು ನಾಚಿಕೆಯಿಂದ. ನೀನು ಸುಮ್ಮನಿದ್ದದ್ದು ಸೇಡಿಗೆ.

ನಿನ್ನ ಕಥೆಯನ್ನು ಮತ್ತೆ ಮೂರು ಸಲ ಓದಿದೆ. ನನಗೆ ಸಾಹಿತ್ಯ ತಿಳಿಯದು, ಆದರೆ ಸುಳ್ಳು ತಿಳಿಯುತ್ತದೆ. ಬಲಗಡೆಯ ಮಂದಿರ ಖಾಲಿ ಎಂದು ಬರೆದಿದ್ದೀಯ. ಖಾಲಿ ಇರಲಿಲ್ಲವಲ್ಲ. ಮೂರನೆಯ ಸಾಲಿನಲ್ಲಿ ಕೂತವಳು ಎಲ್ಲಿ ಹೋದಳು? ಅತ್ತೆಯ ಹಲ್ಲಿನ ಸೆಟ್ಟು, ಚಿಕ್ಕಪ್ಪನ ಕೈಗವಸು, ನನ್ನ ಹ್ಯಾಟ್, ಎಲ್ಲರನ್ನೂ ಮೆರವಣಿಗೆ ಮಾಡಿಸಿ, ನೀನು ಮಾತ್ರ ಬೆಚ್ಚಗೆ ಆಚೆ ನಿಂತಿದ್ದೀಯ.

ಅಪ್ಪ ನಿನ್ನ ಕಥೆಗಳ ಬಗ್ಗೆ ಏನು ಹೇಳುತ್ತಿದ್ದರು ಗೊತ್ತೇ? ಹೇಳಬಾರದೆಂದು ಇಷ್ಟು ದಿನ ಇಟ್ಟುಕೊಂಡಿದ್ದೆ. ಎಲ್ಲವನ್ನೂ ಓದುತ್ತಿದ್ದರು, ಕಂಡಕ್ಟರುಗಳ ಕ್ಯಾಂಟೀನಿನಲ್ಲಿ ಓದಿ ಹೇಳುತ್ತಿದ್ದರು. ಮನೆಗೆ ಬಂದು ನನ್ನ ಹತ್ತಿರ ಮಾತ್ರ ಅಂದರು: "ನಮ್ಮ ಥೆಲ್ಮಾ ಬಸ್ಸಿನ ಮೇಲಿನ ಮಹಡೀಲಿ ಕೂತು ಬೀದಿ ನೋಡ್ತಾಳೆ ಕಣೆ. ಚೆನ್ನಾಗಿ ಕಾಣತ್ತೆ ಅಲ್ಲಿಂದ. ಆದ್ರೆ ನಗು ಇರೋದು ಕೆಳಗೆ, ಚಿಲ್ಲರೆ ಹುಡುಕೋರ ಜೊತೆ ನೂಕಾಡ್ತಾ ನಿಂತಾಗ. ಅವಳು ಇನ್ನೂ ಕೆಳಗಿಳಿದಿಲ್ಲ." ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯನ ಮಾತು.

ಅದನ್ನು ರೇಡಿಯೋದಲ್ಲಿ ಓದಬೇಡ. ಇದು ನನ್ನ ಮಾನದ ಮಾತಲ್ಲ, ಅದು ಹೋಗಿಯಾಯಿತು. ಕೇಳಬಾರದವರೊಬ್ಬರು ಕೇಳುತ್ತಾರೆ.

ಮ್ಯಾವಿಸ್

*

ಲಂಡನ್
೨೫ ನವೆಂಬರ್ ೧೯೭೪

ಅಕ್ಕ,

ಓದುತ್ತೇನೆ.

ಯಾರು ಆ ಕೇಳಬಾರದವರು? ಅತ್ತೆಗೆ ಕಿವಿ ಕೇಳದು. ಚಿಕ್ಕಪ್ಪ ರೇಡಿಯೋದಲ್ಲಿ ಕುದುರೆ ಪಂದ್ಯ ಬಿಟ್ಟು ಬೇರೇನೂ ಹಚ್ಚುವುದಿಲ್ಲ. ಸುಮ್ಮನೆ ನನ್ನನ್ನು ಹೆದರಿಸಬೇಡ.

ಅಪ್ಪನ ಮಾತನ್ನು ಕಲ್ಲಿನ ಹಾಗೆ ಎತ್ತಿ ಹೊಡೆದೆಯಲ್ಲ, ಸರಿಯಾಗಿ ತಗಲಿದೆ. ಎರಡು ದಿನ ಮೇಜಿನ ಹತ್ತಿರ ಹೋಗಲಿಲ್ಲ. ಆದರೆ ನನ್ನ ಕಸುಬನ್ನು ನೀನು ನನಗೆ ಕಲಿಸಬೇಡ. ನಮ್ಮಂಥವರ ಬದುಕು ನಗು ತರಿಸುವುದು ಯಾಕೆ ಗೊತ್ತೇ? ಮನೆಗೆ ಬೆಂಕಿ ಬಿದ್ದರೂ ನಾವು ದನಿ ಎತ್ತುವುದಿಲ್ಲ. ಅಗ್ನಿಶಾಮಕದವರಿಗೆ ಮೊದಲು ಚಹಾ ಬೇಕಾ ಎಂದು ಕೇಳುತ್ತೇವೆ. ಒಳಗೆ ಸುಟ್ಟುಹೋಗುತ್ತಿರುತ್ತದೆ, ಹೊರಗೆ ಸಕ್ಕರೆ ಎಷ್ಟು ಎಂಬ ಮಾತು. ಆ ಎರಡರ ನಡುವಿನ ಸಂದಿಯಲ್ಲಿ ನಗು ಇದೆ. ಬರೆಯುವವಳು ಕೂಡ ಮುಖ ಗಂಟು ಹಾಕದೆ, ಅಳದೆ, ಸಕ್ಕರೆಯ ಲೆಕ್ಕವನ್ನಷ್ಟೇ ಹೇಳಬೇಕು. ಮೂರನೆಯ ಸಾಲಿನವಳನ್ನು ಒಳಗೆ ಬಿಟ್ಟರೆ ಅವಳು ಅತ್ತುಬಿಡುತ್ತಾಳೆ. ಓದುವವರು ಅಯ್ಯೋ ಎನ್ನುತ್ತಾರೆ. ಅಲ್ಲಿಗೆ ಕಥೆ ಸತ್ತಿತು.

ಅದಕ್ಕೇ ಅವಳನ್ನು ಹೊರಗೆ ಹಾಕಿದೆ. ನಿನಗೆ ಅರ್ಥವಾಗದಿದ್ದರೆ ಬೇಡ.

ಥೆಲ್ಮಾ

*

ಹ್ಯಾಲಿಫ್ಯಾಕ್ಸ್
೨ ಡಿಸೆಂಬರ್ ೧೯೭೪

ಥೆಲ್ಮಾ,

ಅರ್ಥವಾಯಿತು. ಈಗ ನಿನಗೆ ಅರ್ಥವಾಗದ್ದನ್ನು ಹೇಳುತ್ತೇನೆ, ಪೂರ್ತಿ ಓದು.

ನಾವು ಮರ್ಯಾದೆಗೆ ಅಂಜಿ ಕೂತೆವು ಎಂದು ಬರೆದಿದ್ದೀಯ. ಉಳಿದವರು ಹಾಗೇ ಕೂತಿರಬಹುದು. ತಡವಾಗಿ ಬಂದೆವೆಂದು ನಾವು ಹಿಂದಿನ ಸಾಲಿನಲ್ಲಿದ್ದೆವು. ಪಾದ್ರಿ "ನಮ್ಮ ಸಹೋದರ ಸಿರಿಲ್" ಎಂದರು. ಅತ್ತೆ ನನ್ನ ಪಕ್ಕೆ ತಿವಿದಳು. "ಸಿರಿಲ್ ಯಾರೇ?" ನಾರ್ಮನ್ ಪಿಸುಗುಟ್ಟಿದರು, "ಮಾವನಿಗೆ ಅದೂ ಒಂದು ಹೆಸರಿರ್ಬೇಕು, ಸುಮ್ನಿರಿ." ನಗಬೇಕೆಂದಿದ್ದರೆ ನಗು, ಅದು ನಿಜವಾಗಿ ನಡೆದದ್ದು.

ನನಗೆ ಆ ಕ್ಷಣವೇ ಗೊತ್ತಾಯಿತು. ಕೈಚೀಲ ತೆಗೆದುಕೊಂಡು ಎದ್ದು ನಿಂತೆ. ನಾನು ಹೊರಟಿದ್ದರೆ ಏಳೂ ಜನ ಹೊರಡುತ್ತಿದ್ದರು. ಓಡಿದ್ದರೆ ಅಪ್ಪನ ಎರಡನೆಯ ಹಾಡಿಗಾದರೂ ಸಿಗುತ್ತಿದ್ದೆವೋ ಏನೋ. ಬೆಂಚು ಕಿರುಗುಟ್ಟಿತು. ಮುಂದೆ ಕೂತಿದ್ದ ಹೆಂಗಸು ತಿರುಗಿದಳು. ಇಡೀ ಮಂದಿರದಲ್ಲಿ ಅವಳ ಕಡೆಯವರೆಂದರೆ ಅವಳು ಮತ್ತು ಪಕ್ಕದ ಮನೆಯ ಇಬ್ಬರು. ಅವಳು ನಮ್ಮನ್ನು ನೋಡಿದಳು, ಒಬ್ಬೊಬ್ಬರನ್ನಾಗಿ ಎಣಿಸಿದಳು, ನಿಜವಾಗಿ ತುಟಿ ಆಡಿಸಿ ಎಣಿಸಿದಳು. ಆಮೇಲೆ ಅವಳ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬಾರದು. ನಾನು ಕೂತುಬಿಟ್ಟೆ.

ಬಾಗಿಲಲ್ಲಿ ಕೇಳಿದಳು, "ನಮ್ಮವರ ಡಿಪೋದವರಾ? ಬರ್ತೀರಾ ಅಂತ ಅಂದ್ಕೊಂಡೇ ಇರ್ಲಿಲ್ಲ. ಅವರು ಕೆಲಸ ಬಿಟ್ಟು ಹದಿನೆಂಟು ವರ್ಷ ಆಯ್ತು. ಮರ್ತಿರ್ತಾರೆ ಅಂದ್ಕೊಂಡಿದ್ದೆ." ಚಿಕ್ಕಪ್ಪ ಹ್ಯಾಟ್ ತೆಗೆದು ಹೇಳಿದರು, "ಸಿರಿಲ್‌ನ ಮರೆಯೋಕಾಗತ್ತೇನಮ್ಮಾ." ಆ ಮೇಲೆ ಚಹಾಕ್ಕೆ ಬರುವುದಿಲ್ಲ ಎನ್ನುವುದು ಹೇಗೆ?

ಅವಳ ಹೆಸರು ನೆಲ್ಲಿ ಶಟಲ್‌ವರ್ತ್. ಎಪ್ಪತ್ತೊಂಬತ್ತು ವಯಸ್ಸು. ಅವತ್ತಿನಿಂದ ಪ್ರತಿ ಗುರುವಾರ ಅವಳ ಮನೆಗೆ ಹೋಗುತ್ತೇನೆ. ಡಿಪೋದ ಗುಮಾಸ್ತನ ಹೆಂಡತಿ ಎಂದು ನನ್ನನ್ನು ನಂಬಿದ್ದಾಳೆ. ಏಳು ಜನ ಬಂದಿದ್ದರು ಎಂದು ಹಾಲಿನವನಿಗೂ ಹೇಳುತ್ತಾಳೆ, ಕಿಟಕಿ ಒರೆಸುವವನಿಗೂ ಹೇಳುತ್ತಾಳೆ. ಗಂಡನ ಬದುಕಿಗೆ ಅವಳ ಹತ್ತಿರ ಉಳಿದಿರುವ ಸಾಕ್ಷಿ ಅದೊಂದೇ. ಅವಳ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ರೇಡಿಯೋ ಹಾಡುತ್ತಿರುತ್ತದೆ.

ನಿನ್ನ ಕಥೆಯಲ್ಲಿ ಅವಳು "ಕಪ್ಪು ಕೋಟಿನ ಯಾರೋ ಮುದುಕಿ". ಅಷ್ಟೇ.

ಓದಿದರೆ ಓದು. ಆದರೆ ಗಂಡನ ಸಾವಿಗೆ ಬಂದವರು ದಾರಿ ತಪ್ಪಿ ಬಂದ ಪೆದ್ದರು ಎಂದು ಒಬ್ಬ ಮುದುಕಿಗೆ ನೀನೇ ನಿನ್ನ ಬಾಯಾರೆ ಹೇಳಿದಂತೆ ಆಗುತ್ತದೆ, ತಿಳಿದಿರಲಿ.

ಮ್ಯಾವಿಸ್

*

(ಕ್ರಿಸ್‌ಮಸ್ ಕಾರ್ಡು. ಮುಂದೆ ಹಿಮದಲ್ಲಿ ಒಂದು ಕೆಂಪೆದೆಯ ಹಕ್ಕಿ. ಒಳಗೆ:)

೧೯ ಡಿಸೆಂಬರ್ ೧೯೭೪

ಅಂದರೆ ನೀನು ಎದ್ದು ನಿಂತೆ. ಗೊತ್ತಿದ್ದೂ ಮತ್ತೆ ಕೂತೆ. ನೀವು ಅಪ್ಪನ ಹತ್ತಿರ ಬರದೆ ಹೋದದ್ದು ದಡ್ಡತನದಿಂದ ಎಂದುಕೊಂಡಿದ್ದಾಗಲೇ ನನಗೆ ಸುಲಭವಾಗಿತ್ತು. ಅವಳಿಗೆ ಯಾರೂ ಇರಲಿಲ್ಲ, ಸರಿ. ನನಗೆ ಯಾರಿದ್ದರು?

ಭಾವನಿಗೆ ಹಬ್ಬದ ಶುಭಾಶಯ.

ಥೆ.

*

ಹ್ಯಾಲಿಫ್ಯಾಕ್ಸ್
೨೭ ಡಿಸೆಂಬರ್ ೧೯೭೪

ಥೆಲ್ಮಾ,

ನೀನು ಅಲ್ಲಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಮಾಡುತ್ತಿದ್ದೆನೋ ಹೇಳಲಾರೆ. ಹಬ್ಬದ ಇಡೀ ದಿನ ಅದನ್ನೇ ಯೋಚಿಸಿದೆ, ಬಾತುಕೋಳಿ ಸೀದುಹೋಯಿತು. ಚೆನ್ನಾಗಿದೆ ಎನ್ನುತ್ತಲೇ ಎಲ್ಲರೂ ತಿಂದರು.

ಮ್ಯಾವಿಸ್

*

ಲಂಡನ್
೧೩ ಜನವರಿ ೧೯೭೫

ಅಕ್ಕ,

ನಿನಗೋಸ್ಕರ ಮಾಡಿದೆ ಎಂದುಕೊಳ್ಳಬೇಡ. ನನಗೆ ಇನ್ನೂ ಎಷ್ಟು ಸಿಟ್ಟಿದೆಯೆಂದರೆ ನಿನ್ನ ಅಕ್ಷರ ಕಂಡರೆ ಕೈ ಬಿಸಿಯಾಗುತ್ತದೆ.

ಕಥೆಯನ್ನು ಹರಿದು ಹೊಸದಾಗಿ ಬರೆದೆ. ಅದರಲ್ಲಿ ಎಡಗಡೆಯ ಮಂದಿರವೇ ಇಲ್ಲ. ನೀನಿಲ್ಲ, ಚಿಕ್ಕಪ್ಪ ಇಲ್ಲ, ಹ್ಯಾಟ್ ಇಲ್ಲ. ಒಬ್ಬಳೇ ಇದ್ದಾಳೆ. ಅವಳ ಮನೆಯವರು ಯಾಕೆ ಬರಲಿಲ್ಲ ಎಂದು ಹೇಳಿಲ್ಲ, ಮಂಜಿತ್ತು ಅಂತಷ್ಟೇ. ನಿನ್ನ ನೆಲ್ಲಿಗೆ ಗುರುತು ಸಿಗುವಂಥದ್ದು ಏನೂ ಇಲ್ಲ.

ರೇಡಿಯೋದವನಿಗೆ ಹಿಡಿಸಲಿಲ್ಲ. "ಹಳೇದರಲ್ಲಿ ಏಳು ಜನ ಇದ್ರು, ನಗೋಕೆ ಬೇಕಾದಷ್ಟಿತ್ತು. ಇದರಲ್ಲಿ ಯಾರನ್ನ ನೋಡಿ ನಗೋದು?" ಎಂದ. "ನನ್ನನ್ನ" ಎಂದೆ. ಅವನಿಗೆ ಮುಜುಗರವಾಗಿ ಕಿಟಕಿಯ ಕಡೆ ನೋಡಿದ. ಆಗ ಗೊತ್ತಾಯಿತು, ಸರಿಯಾದ ಕಡೆ ಕೈ ಹಾಕಿದ್ದೇನೆ ಎಂದು. ನಾನು ಒಳಗಿದ್ದರೆ ಕಥೆ ಸಾಯುತ್ತದೆ ಎಂದು ಹನ್ನೊಂದು ವರ್ಷ ಅಂದುಕೊಂಡಿದ್ದೆ. ಅವಳು ಅಳುವುದಿಲ್ಲ ಅಕ್ಕ, ನಮ್ಮ ಮನೆಯವಳಲ್ಲವೇ. ಅವಳಿಗೆ ಹಾಡಿನ ಪುಸ್ತಕ ಜೋಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ಅಪ್ಪ ಹೇಳಿದಂತೆ ಕೆಳಗಿಳಿದಿದ್ದೇನೆ. ಇಲ್ಲಿ ಉಸಿರಾಡಲು ಜಾಗವಿಲ್ಲ.

ಥೆಲ್ಮಾ

*

ಹ್ಯಾಲಿಫ್ಯಾಕ್ಸ್
೨೨ ಜನವರಿ ೧೯೭೫

ಪ್ರೀತಿಯ ಥೆಲ್ಮಾ,

ನಿನ್ನೆ ಹತ್ತೂವರೆಗೇ ನೆಲ್ಲಿಯ ಮನೆಗೆ ಹೋದೆ. ಗುರುವಾರ ಬಿಟ್ಟು ಮಂಗಳವಾರ ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. ರೇಡಿಯೋ ಆರಿಸಲು ನೆಪ ಹುಡುಕುತ್ತಿದ್ದೆ. ನಿನ್ನನ್ನು ಪೂರ್ತಿ ನಂಬಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಿನ್ನ ದನಿ ಬಂತು. ನೆಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ನಿನ್ನ ಕಥೆಯ ಹೆಂಗಸು ಮೊದಲ ಸಾಲಿನಲ್ಲಿ ಹಾಡಿನ ಏಳು ಪುಸ್ತಕ ಸಾಲಾಗಿ ಇಡುತ್ತಾಳಲ್ಲ, ಪ್ರತಿಯೊಂದರಲ್ಲೂ ಪುಟ ತೆಗೆದು, ಒಬ್ಬರಿಗೆ ಕಣ್ಣು ಮಂದ ಎಂದು ದೊಡ್ಡ ಅಕ್ಷರದ ಪುಸ್ತಕವನ್ನು ಆರಿಸಿ, ಅಲ್ಲಿ ನೆಲ್ಲಿ ನಗಲು ಶುರುಮಾಡಿದಳು. ಪಾದ್ರಿ ಮುಂದೆ ಬಾ ಎಂದಾಗ "ಅದು ಮನೆಯವರಿಗೆ" ಅನ್ನುತ್ತಾಳಲ್ಲ, ಅಲ್ಲಿ ನೆಲ್ಲಿ ಚಾಕು ಕೆಳಗಿಟ್ಟು ಕನ್ನಡಕ ತೆಗೆದಳು. ಹಾಡಿನಲ್ಲಿ ಮೇಲಿನ ಸ್ವರಕ್ಕೆ ದನಿ ಸಿಗದೆ ಆ ಹೆಂಗಸು ಕೆಮ್ಮಿದಂತೆ ನಟಿಸುವಾಗ ನಾನೂ ನಕ್ಕೆ. ನಗುತ್ತ ನನಗೆ ನಿನ್ನ ಮೇಲೆ ಎಷ್ಟು ಕೋಪ ಬಂತೆಂದರೆ ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ಕಥೆಯ ಕೊನೆಗೆ ಅವಳು ತಾನು ತೆರೆದಿಟ್ಟ ಏಳೂ ಪುಸ್ತಕವನ್ನು ಮುಚ್ಚಿ ಕಪಾಟಿಗೆ ವಾಪಸ್ ಇಡುತ್ತಾಳೆ. ಆ ಪುಸ್ತಕಗಳ ಮಾತನ್ನು ನೀನು ಅಕ್ಟೋಬರಿನ ಕಾಗದದಲ್ಲಿ ಬರೆದಿರಲಿಲ್ಲ.

ನೆಲ್ಲಿ ಕನ್ನಡಕ ಒರೆಸಿ ಹಾಕಿಕೊಂಡಳು. ಆಮೇಲೆ ಆಲೂಗಡ್ಡೆ ಎತ್ತಿಕೊಂಡು ಹೇಳಿದಳು:

"ಪಾಪ ಆ ಹುಡುಗಿ. ನಮ್ಮ ಸಿರಿಲ್ ಹೋದಾಗ್ಲೂ ಹೀಗೇ ಮಂಜಿತ್ತು. ಗೊತ್ತಾಗಿದ್ರೆ ನನ್ನ ಕಡೆಯವರಲ್ಲಿ ಅರ್ಧ ಜನಾನ ಅವಳ ಹತ್ರ ಕಳಿಸ್ತಿದ್ದೆ. ನನ್ನ ಹತ್ರ ಏಳು ಜನ ಇದ್ರಲ್ಲ."

ನನ್ನ ಕಡೆ ನೋಡಲಿಲ್ಲ. ಅವಳಿಗೆ ಗೊತ್ತೋ ಇಲ್ಲವೋ ನನಗೆ ತಿಳಿಯದು. ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಸಕ್ಕರೆ ಎಷ್ಟು ಎಂದು ಕೇಳಿದೆ. ಎರಡು ಎಂದಳು.

ಫೆಬ್ರವರಿ ಹನ್ನೆರಡಕ್ಕೆ ಅಪ್ಪ ಹೋಗಿ ಎರಡು ವರ್ಷ. ಬಲಗಡೆಯ ಮಂದಿರವನ್ನು ಅರ್ಧ ಗಂಟೆ ಕೊಡುತ್ತೀರಾ ಎಂದು ಚಿತಾಗಾರದವರನ್ನು ಕೇಳಿದೆ, ಒಪ್ಪಿದ್ದಾರೆ. ಏಳೂ ಜನ ಬರುತ್ತೇವೆ. ದಾರಿಯಲ್ಲಿ ಯಾವ ದೇವರೇ ಅಡ್ಡ ಬಂದರೂ ಕಾರು ನಿಲ್ಲಿಸಬೇಡಿ ಎಂದು ಚಿಕ್ಕಪ್ಪನಿಗೆ ಹೇಳಿದ್ದೇನೆ. ಪುಸ್ತಕಗಳನ್ನು ನಾನೇ ಇಡುತ್ತೇನೆ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಆದರೂ ನೀನು ಹಿಂದಿನ ದಿನವೇ ಬಾ, ಆ ರೈಲನ್ನು ನಂಬಬೇಡ. ಮೊದಲ ಸಾಲಿನಲ್ಲಿ ನೀನು ಕೂರಬೇಕು. ನಾವು ಹಿಂದೆ ಕೂರುತ್ತೇವೆ.

ನಿನ್ನ ಅಕ್ಕ,
ಮ್ಯಾವಿಸ್